ಮನೆ ತೆಗೆಯಲು ಹೋಗಿ

ಗೆಳೆಯರೇ, ಇವತ್ತು ಕೊಗನೊಳ್ಳಿಯಲ್ಲಿ ಒಂದು ಕ್ರಿಯಾಪದ ನನ್ನ ಪ್ರಾಣವನ್ನೇ ತೆಗೆಯುತ್ತಿತ್ತು. ಹೆದ್ದಾರಿ ಪಕ್ಕದ ಹಳೆಯ ಮಣ್ಣಿನ ಮನೆಯತ್ತ ನನ್ನ ಹಳೇ ಫಿಲ್ಮ್ ರೀಲಿನ ಕ್ಯಾಮೆರಾ ಹಿಡಿದು, ಕಟ್ಟೆಯ ಮೇಲಿದ್ದ ಅಜ್ಜಿಗೆ, “ಆಯಿ, ನಿಮ್ಮ ಮನಿ ತೆಗೀತೀನ್ರಿ” ಎಂದೆ.

“ಬಾಬೂ, ಕುಡಗೋಲ ತಗೊಂಡ ಬಾರಲೇ! ಮನಿ ತೆಗ್ಯಾಕ ಬಂದಾನ!”

“ಫೋಟೋ ತೆಗ್ಯಾಕ್ರಿ, ಆಯಿ!”

“ಬಾಜೂ ಮನೀದೂ ಮದಲ ಫೋಟೋನ ತೆಗದ್ರು. ಆಮ್ಯಾಲ ರೋಡಿಗಂತ ಮನೀನ ತೆಗದ್ರು!” ಆಕೆ ಎದ್ದು ಬಾಗಿಲಿಗೆ ಅಡ್ಡ ನಿಂತು ಚೌಕಟ್ಟು ಹಿಡಿದಳು.

ಮಗ ಬಾಬು ಕುಡಗೋಲು ಹಿಡಿದು ಬಂದೇಬಿಟ್ಟ. “ರೀಲ ತೆಗೀಲೇ!”

ತೆಗೆದೆ. ಬೆಳಗಿನಿಂದ ತೆಗೆದ ಹಳ್ಳಿಮನೆಗಳೆಲ್ಲ ಬಿಸಿಲು ಬಿದ್ದು ಹಾಳಾದವು. ಅಜ್ಜಿ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದ ಕೈ ಸಡಿಲಿಸಲಿಲ್ಲ.

ನನ್ನ ಕಪ್ಪು-ಬಿಳುಪು ರೀಲಿನಲ್ಲಿ ಈಗ ಕಪ್ಪಷ್ಟೇ ಉಳಿದಿದೆ. ಬಿಳುಪೆಲ್ಲ ನನ್ನ ಮುಖಕ್ಕೆ ಬಂದಿದೆ.