ಬೋರ್ಡು ಬರೆಯುವವನು ಕೊಟ್ಟ ಮಜ್ಜೆ

ಆಸ್ಪತ್ರೆಯ ಬಾಗಿಲಲ್ಲಿರುವ ದಾನಿಗಳ ಬೋರ್ಡು ಬರೆದವನು ಅವಳ ಗಂಡ. ಬಂಗಾರದ ಬಣ್ಣದಲ್ಲಿ ಸಾಲು ಸಾಲು ದೊಡ್ಡವರು. ಕೊನೆಯ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದ. "ಇನ್ನೊಬ್ಬ ದೊಡ್ಡ ಮನುಷ್ಯ ಕಾರು ಇಳೀತಾ ಇರ್ತಾನೆ ಕಣೇ," ಎಂದು ನಗುತ್ತಿದ್ದ.

ಅಂಥವನ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತು. ಕುಂಚ ಒತ್ತಿ ಹಿಡಿದರೂ ಬೆರಳು ನೀಲಿಗಟ್ಟುತ್ತಿತ್ತು. ಅಪರೂಪದ ಕಾಯಿಲೆ ಎಂದರು. ಅಪರೂಪ ಎಂದರೆ ಯಾರೂ ತಲೆ ಕೆಡಿಸಿಕೊಳ್ಳದ್ದು ಎಂದು ಅವಳಿಗೆ ಆಮೇಲೆ ತಿಳಿಯಿತು.

ಲ್ಯಾಬಿನ ಡಾಕ್ಟರಮ್ಮ ಒಂದು ದಿನ ಕೇಳಿದಳು. "ಸಂಶೋಧನೆಗೆ ಅಂತ ಇನ್ನೊಂದು ಸಲ ಮಜ್ಜೆ ತೆಗೀಲಾ? ನಿಮಗೇನೂ ಉಪಯೋಗ ಆಗಲ್ಲ."

ಸೊಂಟದ ಮೂಳೆಗೆ ಸೂಜಿ ಇಳಿಸುವ ನೋವು ಗೊತ್ತಿದ್ದವನು. ಆದರೂ ಮಗ್ಗುಲಾದ. "ತೆಗೀರಿ. ಆದ್ರೆ ನೋಡ್ಬೇಕು, ಸುಮ್ನೆ ಇಟ್ಕೋಬಾರ್ದು."

ಅವನು ಸತ್ತ ಮೇಲೆ ಆಸ್ಪತ್ರೆಯ ಸಹಾಯನಿಧಿಯ ಕಾರ್ಯದರ್ಶಿ ಮನೆಗೆ ಬಂದ. ಸಂಶೋಧನೆಗೆ ಹಣ ಎತ್ತುವ ಸಮಾರಂಭವಂತೆ.

"ವೇದಿಕೆ ಮೇಲೆ ಎರಡು ಮಾತು ಹೇಳಿ ತಾಯಿ. ಅಳು ಬಂದ್ರೆ ತಡ್ಕೋಬೇಡಿ."

"ಹೋದ ಸಲ ಎತ್ತಿದ ದುಡ್ಡಲ್ಲಿ ನಮ್ಮೆಜಮಾನ್ರ ಮಜ್ಜೆ ನೋಡಿದ್ರಾ?"

"ಅದೆಲ್ಲ ಹಂತ ಹಂತವಾಗಿ ಆಗತ್ತೆ... ಬೋರ್ಡಲ್ಲಿ ಕೊನೇ ಸಾಲು ಖಾಲಿ ಇದೆಯಲ್ಲ, ಅವರ ಹೆಸರೇ ಬರೆಸೋಣ ಬಿಡಿ."

ಅವಳು ಲ್ಯಾಬಿಗೇ ಹೋಗಿ ಕೇಳಿದಳು. ಡಾಕ್ಟರಮ್ಮ ತಲೆ ತಗ್ಗಿಸಿದಳು. ಪರೀಕ್ಷೆಯ ರಾಸಾಯನಿಕ ತರಿಸಲು ಹಣ ಬಂದೇ ಇಲ್ಲ. ಮಜ್ಜೆ ಫ್ರೀಜರಿನಲ್ಲಿ ಇಟ್ಟಲ್ಲೇ ಇದೆ.

ಸಮಾರಂಭದಲ್ಲಿ ಆಳೆತ್ತರದ ಹೂವಿನ ಕಮಾನು. ಊಟದ ಮೇಜಿನ ನಡುವೆ ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸ. ಅದರ ಕೊಕ್ಕು ಕರಗಿ ತೊಟ್ಟಿಕ್ಕುತ್ತಿತ್ತು. ಅಲ್ಲಿ ಅತ್ತದ್ದು ಅದೊಂದೇ.

ಮೈಕು ಅವಳ ಕೈಗೆ ಬಂತು.

"ನೀವು ಕೊಟ್ಟಿದ್ದು ಆ ಹಂಸ ಆಗಿದೆ. ನಮ್ಮೋರು ಮೂಳೆ ಕೊರೆಸ್ಕೊಂಡು ಕೊಟ್ಟಿದ್ದು ಫ್ರೀಜರಲ್ಲಿ ಕೂತಿದೆ. ಅವರ ಹೆಸರು ಬರೀಬೇಡಿ. ಅವರ ಅಕ್ಷರದ ಕೆಳಗೆ ಯಾರು ಬರೆದ್ರೂ ಸೊಟ್ಟಗೆ ಕಾಣತ್ತೆ. ಮೊದ್ಲು ಆ ರಾಸಾಯನಿಕ ತರಿಸಿ."

ಅದಕ್ಕೂ ಚಪ್ಪಾಳೆ ತಟ್ಟಿದರು.

ಆದರೆ ಮುಂದಿನ ಕುರ್ಚಿಯಲ್ಲಿದ್ದ ದಾನಿಯೊಬ್ಬ ಕಾರ್ಯದರ್ಶಿಯತ್ತ ತಿರುಗಿ, ಎಲ್ಲರಿಗೂ ಕೇಳುವಂತೆ, "ಹೌದೇನ್ರೀ?" ಎಂದ. ಅವಳ ದುಃಖಕ್ಕೆ ಅಲುಗದ ಕಾರ್ಯದರ್ಶಿ ಆ ಒಂದು ಮಾತಿಗೆ ಬೆವೆತ. ರಾಸಾಯನಿಕ ಬಂತು.

ಡಾಕ್ಟರಮ್ಮ ಕರೆಸಿದಳು. ಫ್ರೀಜರಿನಿಂದ ಸಣ್ಣ ಡಬ್ಬಿ ತೆಗೆದಾಗ ತಣ್ಣನೆಯ ಹೊಗೆ ಎದ್ದಿತು.

"ರಿಪೋರ್ಟು ಇವತ್ತೇ ಬರಲ್ಲ ಅಮ್ಮಾ. ನೀವು ಮನೆಗೆ ಹೋಗಿ."

"ಅದು ಯಾವಾಗಾದ್ರೂ ಬರ್ಲಿ," ಎಂದು ಅವಳು ಸ್ಟೂಲು ಎಳೆದುಕೊಂಡು ಕೂತಳು. "ನೀವು ನೋಡೋದನ್ನ ನಾನು ನೋಡ್ಬೇಕು."