ಶುಕ್ರವಾರದ ಹುಟ್ಟುಹಬ್ಬಗಳು

ನನ್ನ ಗಂಡನಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ಹುಟ್ಟುಹಬ್ಬ ಆದದ್ದುಂಟು. ನಗು ಬಂದರೆ ನಕ್ಕುಬಿಡಿ, ನಾನೂ ಬಹಳ ಕಾಲ ನಕ್ಕವಳೇ. ಸೌದಿಯ ಅಲ್ ಅಹ್ಸಾದಲ್ಲಿ ನಾವು ಮಂಗಳೂರು ಕಡೆಯ ಮೂರು ಕ್ರೈಸ್ತ ಕುಟುಂಬಗಳು ಶುಕ್ರವಾರ ಸಂಜೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತೇವೆ. ಸೇರುವುದಕ್ಕೆ ಒಂದು ನೆಪ ಇರಲಿ ಎಂದು ಮೇಜಿನ ಮೇಲೆ ಕೇಕು, ಗೋಡೆಯ ಮೇಲೆ ಬಲೂನು. ಯಾರಾದರೂ ಕೇಳಿದರೆ ಹುಟ್ಟುಹಬ್ಬ ಎನ್ನುವುದು. ಮನೆಯೊಳಗಿನ ಪ್ರಾರ್ಥನೆಗೆ ಯಾರಾದರೂ ತಕರಾರು ಮಾಡಿದ್ದನ್ನು ನಾನಂತೂ ಕಣ್ಣಾರೆ ಕಂಡಿಲ್ಲ. ನಮಗಿಂತ ಮೊದಲು ಬಂದವರು ಹೀಗೆ ಮಾಡುತ್ತಿದ್ದರು, ನಾವೂ ಮಾಡಿದೆವು. ಇಲ್ಲಿ ಭಯವೂ ಹಳೆಯ ಸೋಫಾದ ಹಾಗೆ, ಊರಿಗೆ ಮರಳುವವರಿಂದ ಹೊಸದಾಗಿ ಬಂದವರಿಗೆ ದಾಟುತ್ತದೆ. ಬೇಕೋ ಬೇಡವೋ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಂ ಕುಟುಂಬ. ಗಂಡನದು ಖರ್ಜೂರದ ವ್ಯಾಪಾರ. ಹೆಂಡತಿ ನನಗಿಂತ ಸ್ವಲ್ಪ ದೊಡ್ಡವಳು, ನನ್ನ ಹಾಗೆ ಗಂಟಲು ದೊಡ್ಡದಲ್ಲ. ನಾನು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡಿ ಸೊಂಟ ಹಿಡಿದುಕೊಂಡು ಬರುವಷ್ಟರಲ್ಲಿ ನನ್ನ ಮಗಳಿಗೆ ಊಟ ಹಾಕಿ, ಹೋಮ್‌ವರ್ಕ್‌ಗೆ ಕೂರಿಸಿರುತ್ತಿದ್ದಳು. ಮಗಳು ಅರ್ಧ ಬೆಳೆದದ್ದೇ ಆ ಮನೆಯಲ್ಲಿ. ನಮ್ಮ ಸುಳ್ಳು ಹುಟ್ಟುಹಬ್ಬಗಳಿಗೂ ಅವಳು ತಪ್ಪದೆ ಉಡುಗೊರೆ ಕಳಿಸುತ್ತಿದ್ದಳು. ಮಗಳಿಗೆ ಪೆನ್ಸಿಲ್ ಬಾಕ್ಸು, ನನ್ನ ಗಂಡನಿಗೆ ಅತ್ತರಿನ ಶೀಶೆ. ಬಾಗಿಲಲ್ಲೇ ಕೊಟ್ಟು, ಕೇಕಿನ ತುಂಡು ತೆಗೆದುಕೊಂಡು ಹೊರಟುಬಿಡುತ್ತಿದ್ದಳು. ಅವಳು ಬೆಲ್ ಮಾಡಿದ ಕೂಡಲೇ ನಾನು ಬೈಬಲ್ಲನ್ನು ಕುಶನ್ನಿನ ಕೆಳಗೆ ತುರುಕುತ್ತಿದ್ದೆ. ಆಮೇಲೆ ಮಗಳಿಗೆ ಕಿವಿಮಾತು: ಆಂಟಿ ಒಳ್ಳೆಯವರೇ, ಆದರೂ ಅವರಿಗೆ ಗೊತ್ತಾಗಬಾರದು, ಯಾವತ್ತು ಯಾರ ಹತ್ತಿರ ಹೇಳಿಬಿಡುತ್ತಾರೋ, ಅಪ್ಪನ ಇಕಾಮಾಕ್ಕೇ, ಇಲ್ಲಿರುವ ಪರವಾನಗಿಗೇ ಕುತ್ತು ಬಂದೀತು.

ಮಗಳಿಗೆ ಹದಿಮೂರು ತುಂಬಿದ ವರ್ಷ ಅವಳನ್ನು ಊರಿನ ಚರ್ಚಿನ ಶಿಬಿರಕ್ಕೆ ಕಳಿಸಿದೆವು. ಹೆಸರಿಗೆ ಬೇಸಿಗೆ ಶಿಬಿರ. ಗಲ್ಫ್ ಮಕ್ಕಳ ರಜೆಗೆ ಹೊಂದಿಸಿ ಇಡುವುದರಿಂದ ನಡೆಯುವುದು ಜುಲೈ ತಿಂಗಳಲ್ಲಿ. ಬ್ಯಾನರಿನಲ್ಲಿ ನಗುವ ಸೂರ್ಯ, ಹೊರಗೆ ಧೋ ಎಂದು ಮಳೆ. ಚಿಕ್ಕವಳಿದ್ದಾಗ ನಾನೂ ಅದೇ ಗುಡ್ಡದ ಮೇಲಿನ ಶಿಬಿರಕ್ಕೆ ಮೇ ತಿಂಗಳಲ್ಲಿ ಹೋಗಿದ್ದೆ. ಕೈ ತಟ್ಟಿ, ಕುಣಿದು ಹಾಡುವ ಹಾಡುಗಳು ಈಗಲೂ ಬಾಯಿಗೆ ಬರುತ್ತವೆ. ಸಿಸ್ಟರ್‌ಗಳ ಎದುರು ಭಕ್ತಿಯ ಮುಖ ಮಾಡುವುದನ್ನೂ ಅಲ್ಲೇ ಕಲಿತೆ. ಕೊನೆಯ ಸಂಜೆ ಮೇಣದಬತ್ತಿ ಕೈಗೆ ಕೊಟ್ಟು ಒಂದು ಮಾತು ಹೇಳುತ್ತಾರೆ: ಪಾಪವನ್ನು ಪಾದ್ರಿಯ ಕಿವಿಯಲ್ಲಿ ಹೇಳಿದರೆ ಸಾಲದು, ಯಾರಿಗೆ ತಪ್ಪು ಮಾಡಿದ್ದೀಯೋ ಅವರ ಎದುರು ನಿಂತು ಕ್ಷಮೆ ಕೇಳು. ನಾನೂ ಆಗ ಕಣ್ಣೀರು ಸುರಿಸಿ, ಮನೆಗೆ ಬಂದು, ಅಜ್ಜಿಯ ಹತ್ತಿರ ಹಲಸಿನ ಹಪ್ಪಳ ಕದ್ದದ್ದಕ್ಕೆ ಕ್ಷಮೆ ಕೇಳಿದ್ದೆ. ಅಜ್ಜಿ ಇನ್ನೆರಡು ಹಪ್ಪಳ ಕೊಟ್ಟರು. ನನ್ನ ಪಶ್ಚಾತ್ತಾಪ ಅಲ್ಲಿಗೆ ಮುಗಿಯಿತು. ಮಗಳದೂ ಹಾಗೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಆಗಸ್ಟಿನಲ್ಲಿ ಅಲ್ ಅಹ್ಸಾಕ್ಕೆ ಮರಳಿದೆವು. ಮೊದಲ ಶುಕ್ರವಾರವೇ ನಮ್ಮ ಸರದಿ. ಬಲೂನು ಊದು ಎಂದು ಮಗಳ ಕೈಗೆ ಪ್ಯಾಕೆಟ್ ಕೊಟ್ಟರೆ, ಇವತ್ತು ಯಾರ ಹುಟ್ಟುಹಬ್ಬ ಎಂದು ಕೇಳಿದಳು. ಅಪ್ಪನದು ಎಂದೆ. ಅಪ್ಪನದು ಜನವರಿಯಲ್ಲಿ ಅಲ್ಲವಾ ಎಂದಳು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ದೊಡ್ಡ ಸಂತಳಾಗಿ ಬಂದಿದ್ದೀಯಾ, ಸುಮ್ಮನೆ ಊದು ಎಂದು ಗದರಿದೆ. ಅವಳು ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಮುನಿಸಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾಳೆ ಎಂದುಕೊಂಡು ನಾನೇ ಬಲೂನು ಊದುತ್ತಾ ಕುಳಿತೆ.

ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದಳು. ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಹಗುರವಾಗಿತ್ತು.

"ಆಂಟಿ ಹತ್ತಿರ ಸಾರಿ ಕೇಳಿ ಬಂದೆ, ಮಮ್ಮಿ. ಎಲ್ಲಾ ಹೇಳಿದೆ."

ನನ್ನ ಮಗಳ ಕನ್ನಡ ಅರೆಬರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಬರುವುದು ಪಕ್ಕದ ಮನೆಯಲ್ಲಿ ಕಲಿತಷ್ಟೇ, ಸುತ್ತಿ ಬಳಸಿ ನಯವಾಗಿ ಹೇಳುವುದಕ್ಕೆ ಅದು ಸಾಲದು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಂದಿದ್ದಳು. ಹುಟ್ಟುಹಬ್ಬ ಸುಳ್ಳು, ಉಡುಗೊರೆಗಳನ್ನು ಮೋಸದಿಂದ ತೆಗೆದುಕೊಂಡೆ. ನಾವು ಪ್ರಾರ್ಥನೆ ಮಾಡುತ್ತೇವೆ. ನೀವು ಯಾರಿಗಾದರೂ ಹೇಳಿಬಿಡುತ್ತೀರಿ ಎಂದು ಮಮ್ಮಿ ನಿಮ್ಮಿಂದ ಮುಚ್ಚಿಡಲು ಹೇಳಿದ್ದಾರೆ. ನಾನೂ ಮುಚ್ಚಿಟ್ಟೆ, ಕ್ಷಮಿಸಿ.

ಆ ಸಂಜೆ ಪ್ರಾರ್ಥನೆ ನಡೆಯಲಿಲ್ಲ. ಉಳಿದ ಎರಡು ಕುಟುಂಬಗಳಿಗೆ ಫೋನ್ ಮಾಡಿ ಗಂಡನಿಗೆ ಜ್ವರ ಎಂದೆ. ಇನ್ನೊಂದು ಸುಳ್ಳು. ಶಿಬಿರದವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಮಕ್ಕಳ ತಲೆ ಕೆಡಿಸಿ ಕಳಿಸುತ್ತಾರೆ, ಇಲ್ಲಿ ಅನುಭವಿಸುವವರು ನಾವು, ಅವರಿಗೇನು ಗುಡ್ಡದ ಮೇಲೆ ಕೂತು ಮೇಣದಬತ್ತಿ ಹಚ್ಚುವುದು ಎಂದೆಲ್ಲ ಕೂಗಾಡಿದೆ. ಗಂಡ ಸುಮ್ಮನೆ ಕೇಳಿಸಿಕೊಂಡು, ನೀನು ಹೋಗಿ ಅವರ ಹತ್ತಿರ ಮಾತಾಡು, ಹೆದರಿಕೆಗೆ ಹಾಗೆ ಹೇಳಿದೆ ಅಂತ ಹೇಳಿದರೆ ಮುಗಿಯಿತಲ್ಲ ಎಂದರು. ಮುಗಿಯುತ್ತಿತ್ತು. ನನ್ನ ಮಾತಿನಿಂದ ಅಂಥ ಸ್ನೇಹಿತೆಯನ್ನು ಕಳೆದುಕೊಳ್ಳುತ್ತೇನೆ ಎಂಬ ಸಂಕಟಕ್ಕಿಂತ, ಅವಳೆದುರು ಸಣ್ಣವಳಾಗಿ ನಿಲ್ಲಬೇಕಲ್ಲ ಎಂಬ ಉರಿಯೇ ನನಗೆ ಹೆಚ್ಚಾಗಿತ್ತು. ಈಗ ಅದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಹೋದೆ. ಅವಳು ಎಂದಿನಂತೆ ಒಳಗೆ ಕರೆದಳು, ಚಾ ಕೊಟ್ಟಳು. ನಾನು ಕುಡಿಯುವ ಮೊದಲೇ ಶುರು ಮಾಡಿದೆ: ಮಗು ಏನೋ ತಪ್ಪು ತಿಳಿದುಕೊಂಡಿದೆ, ಶಿಬಿರದಲ್ಲಿ ಏನೇನೋ ತುಂಬಿ ಕಳಿಸಿದ್ದಾರೆ, ನಾನು ನಿಮ್ಮ ಬಗ್ಗೆ ಹಾಗೆ ಹೇಳುತ್ತೇನಾ, ನೀವೇ ಹೇಳಿ. ಸ್ವಂತ ಮಗಳನ್ನು ಸುಳ್ಳಿಯನ್ನಾಗಿ ಮಾಡಿ ಆ ಮನೆಯ ಸೋಫಾದಲ್ಲಿ ನಗುನಗುತ್ತಾ ಕುಳಿತಿದ್ದೆ. ಅವಳು ನಾನು ಮುಗಿಸುವವರೆಗೂ ಕಾದಳು.

"ಪ್ರಾರ್ಥನೆ ಮಾಡುದು ನನಗೆ ಮೊದಲಿಂದಲೇ ಗೊತ್ತುಂಟು ಮಾರಾಯ್ತಿ. ಕಿಚನ್ ಗೋಡೆಯಲ್ಲಿ ಹಾಡು ಕೇಳ್ತದೆ. ಹಾರಿಸ್ ಕೇಳಿದ್ರೂ ಹುಟ್ಟುಹಬ್ಬ ಅಂತ ನಾನೇ ಹೇಳ್ತಿದ್ದೆ, ಅವನಿಗೆ ಸಂಶಯ ಬರ್ಬಾರ್ದು ಅಂತಲೇ ಗಿಫ್ಟ್ ಕೂಡ ತರ್ತಿದ್ದೆ." ಚಾದ ಲೋಟವನ್ನು ಸ್ವಲ್ಪ ಆಚೆ ಸರಿಸಿದಳು. "ನಾನು ನಿಮ್ಮ ಒಟ್ಟಿಗೆ ಸೇರಿ ಮುಚ್ಚಿಡ್ತಾ ಇದ್ದೇನೆ ಅಂತ ಎಣಿಸಿದ್ದೆ. ನೀವು ನನ್ನಿಂದಲೇ ಮುಚ್ಚಿಡ್ತಾ ಇದ್ದದ್ದಾ?"

ಹಾರಿಸ್ ಎಂದರೆ ನಮ್ಮ ಕಟ್ಟಡದ ಕಾವಲುಗಾರ, ಪಾಪದ ಮನುಷ್ಯ, ಅವನಿಗೆ ನಮ್ಮ ಮನೆಯ ಪ್ರಾರ್ಥನೆ ಕಟ್ಟಿಕೊಂಡು ಏನೂ ಆಗಬೇಕಾಗಿರಲಿಲ್ಲ. ಆದರೂ ಅವಳು ನಮಗೋಸ್ಕರ ಅವನ ಹತ್ತಿರ ಸುಳ್ಳು ಹೇಳಿದ್ದಳು. ಆಗಲಾದರೂ ಅವಳ ಕೈ ಹಿಡಿದು ತಪ್ಪಾಯಿತು ಎನ್ನಬಹುದಿತ್ತು. ಎದ್ದು ನಿಂತು, ಗ್ಯಾಸಿನ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಓಡಿಬಂದೆ. ಗ್ಯಾಸಿನ ಮೇಲೆ ಏನೂ ಇರಲಿಲ್ಲ.

ಆಮೇಲೆ ಜಗಳವೇನೂ ಆಗಲಿಲ್ಲ. ರಂಜಾನಿನಲ್ಲಿ ತಟ್ಟೆ ಬಂತು, ಕ್ರಿಸ್ಮಸ್ಸಿಗೆ ನಾನು ಕುಸ್ವಾರ್ ತಿಂಡಿ ಕಳಿಸಿದೆ. ಮಗಳು ಮೊದಲಿನ ಹಾಗೇ ಅವರ ಮನೆಯಲ್ಲಿ ಕುಳಿತು ಓದುತ್ತಾಳೆ. ಶಿಬಿರಕ್ಕೆ ಅವಳ ಜೊತೆಗೆ ಹೋದ ಮಕ್ಕಳೆಲ್ಲ ಸೆಪ್ಟೆಂಬರ್ ಮುಗಿಯುವುದರೊಳಗೆ ಮೊದಲಿನಂತಾದರು ಎಂದು ಅವರ ತಾಯಂದಿರು ಹೇಳುತ್ತಾರೆ. ಇವಳು ಆಗಲಿಲ್ಲ. ಗುಡ್ಡದ ಮೇಲೆ ಕಲಿತ ಹಾಡುಗಳನ್ನೆಲ್ಲ ಮರೆತಿದ್ದಾಳೆ, ಶುಕ್ರವಾರ ಪ್ರಾರ್ಥನೆಗೆ ಕೂರುವುದಕ್ಕೂ ಈಗ ಸೋಮಾರಿತನ. ಉಳಿದದ್ದು ಆ ಒಂದೇ ಬುದ್ಧಿ. ತಪ್ಪಾದರೆ ಅವತ್ತೇ ಹೋಗಿ ಕೇಳುತ್ತಾಳೆ, ಗೆಳತಿಯ ಹತ್ತಿರವಾಗಲಿ, ಶಾಲೆಯ ಬಸ್ಸಿನ ಡ್ರೈವರ್ ಹತ್ತಿರವಾಗಲಿ. ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುವುದಿಲ್ಲ. ನಾಚಿಕೆಯಾಗುತ್ತದೆ.

ಮೊನ್ನೆ ಮೊನ್ನೆ, ಅವಳು ಹನ್ನೊಂದನೆಯ ತರಗತಿಗೆ ಬಂದ ಮೇಲೆ, ಬಟ್ಟೆ ಮಡಚುತ್ತಾ ಇದ್ದಕ್ಕಿದ್ದಂತೆ ಕೇಳಿದಳು: ಮಮ್ಮಿ, ಆವತ್ತು ನೀನೂ ಆಂಟಿ ಹತ್ತಿರ ಸಾರಿ ಕೇಳಿದ್ದೆ ಅಲ್ವಾ? ದಿಂಬಿನ ಕವರನ್ನು ಕೊಡವುತ್ತಾ, ಕೇಳಿದ್ದೆ ಎಂದೆ. ಬಾಯಿ ತಾನಾಗಿ ಹೇಳಿತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಕೆನ್ನೆಗೆ ಮುತ್ತು ಕೊಟ್ಟು, ಅರ್ಧ ಮಡಚಿದ ಬಟ್ಟೆ ಬಿಟ್ಟು ಎದ್ದಳು. ಎಲ್ಲಿಗೆ ಎಂದೆ. ಆಂಟಿ ಹತ್ತಿರ ಎಂದಳು. ಅವಳನ್ನು ತಡೆಯಲು ನನಗೆ ಯಾವ ನೆಪವೂ ಹೊಳೆಯಲಿಲ್ಲ. ದಿಂಬಿನ ಕವರು ಹಿಡಿದು ಮಂಚದ ಮೇಲೆ ಕುಳಿತೆ.

ಅವಳು ಹಿಂದಿರುಗಿ ಬಂದು ನನ್ನ ಪಕ್ಕದಲ್ಲಿ ಕುಳಿತು ಮತ್ತೆ ಬಟ್ಟೆ ಮಡಚತೊಡಗಿದಳು. ನಾನು ಅವಳ ಮುಖ ನೋಡಲಿಲ್ಲ.

"ಆಂಟಿ ಹೇಳಿದ್ರು, ಹೌದು, ನಿನ್ನ ಮಮ್ಮಿ ಮರುದಿನವೇ ಬಂದು ಕೇಳಿದ್ದಾಳೆ ಅಂತ."