ಸಹಾಯದ ಪಟ್ಟಿಯಲ್ಲಿ ಒಂಬತ್ತನೇ ಹೆಸರು

ಹೋದ ವಾರ ಪಾದ್ರಿಗಳು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಕ್ರಿಸ್‌ಮಸ್ ಸಹಾಯ ಸಿಗಬೇಕಾದವರ ಪಟ್ಟಿ. ಒಟ್ಟು ಹದಿನೈದು ಹೆಸರು. ಎಂಟರವರೆಗೆ ಓದಿದೆ, ಎಲ್ಲರೂ ಪರಿಚಯದವರೇ. ಒಂಬತ್ತನೆಯವರೂ ಪರಿಚಯದವರೇ.

ಅದು ನನ್ನ ಹೆಸರು!

ಪೆನ್ಸಿಲ್ ತೆಗೆದು ಅಲ್ಲೇ ಹೊಡೆದುಹಾಕಿದೆ. ಎಷ್ಟು ಜೋರಾಗಿ ಎಂದರೆ ಹಾಳೆಯೇ ಹರಿಯಿತು. (ಹತ್ತನೆಯವರು ದಯವಿಟ್ಟು ಕ್ಷಮಿಸಬೇಕು.)

ಹೊಸ ಓದುಗರಿಗೆ ಸ್ವಲ್ಪ ವಿವರ. ನಮ್ಮ ಚರ್ಚಿನ ಹೆಂಗಸರಲ್ಲಿ 'ಹಿಡಿ ಅಕ್ಕಿ' ಎಂಬ ರೂಢಿ ಇದೆ. ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕುವುದು, ಭಾನುವಾರ ತಂದು ಚರ್ಚಿನ ಚೀಲಕ್ಕೆ ಸುರಿಯುವುದು. ಸಣ್ಣಕ್ಕಿ, ದಪ್ಪಕ್ಕಿ, ರೇಷನ್ ಅಕ್ಕಿ, ನುಚ್ಚು, ಎಲ್ಲ ಒಂದೇ ಚೀಲದಲ್ಲಿ. ಬೇಯಿಸಿದರೆ ಅರ್ಧ ಗಂಜಿ, ಅರ್ಧ ಕಲ್ಲು. ಆದರೂ ಒಂದು ಖಾನಾವಳಿಯವರು ಕೊಳ್ಳುತ್ತಾರೆ. (ಯಾವ ಖಾನಾವಳಿ ಎಂದು ಕೇಳಬೇಡಿ. ನಿಮ್ಮಲ್ಲಿ ಕೆಲವರು ಅಲ್ಲೇ ಊಟ ಮಾಡುತ್ತೀರಿ.) ಆ ಹಣದಿಂದ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಕಷ್ಟದ ಮನೆಗಳಿಗೆ ಕ್ರಿಸ್‌ಮಸ್ ನೆರವು. ಮನೆಗೆ ನಲವತ್ತು ರೂಪಾಯಿ.

ಹನ್ನೊಂದು ವರ್ಷದಿಂದ ಇದರ ವಿಚಾರಣೆ ನನ್ನದು. ನಿಯಮಗಳೂ ನನ್ನವೇ. ತಮ್ಮ ಹೆಸರು ತಾವೇ ಹೇಳಬಾರದು, ಬೇರೆಯವರು ಹೇಳಬೇಕು. ಹೆಸರು ಬಂದ ಮನೆಗೆ ಹೋಗಿ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಎಷ್ಟು ಜನ? ದುಡಿಯುವವರು ಯಾರು? ಏನು ಕೊರತೆ? ಸಂಬಂಧಿಕರು ಯಾಕೆ ಕೊಡುವುದಿಲ್ಲ? ಆಮೇಲೆ ಅಡುಗೆಮನೆಗೆ ನುಗ್ಗಿ ಅಕ್ಕಿ ಗಡಿಗೆಯ ಮುಚ್ಚಳ ಎತ್ತಿ ನೋಡುತ್ತೇನೆ.

ನಮ್ಮ ಯಜಮಾನರೂ ಜೊತೆಗೆ ಬರುತ್ತಿದ್ದರು. ಒಳಗೆ ಮಾತ್ರ ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಸಾಕು, ಹೊರಡು ಎಂದು ಆ ಕೆಮ್ಮಿನ ಅರ್ಥ.

ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಐದು ವಾರ ಈ ಅಂಕಣ ಬರದಿದ್ದಾಗ ನೀವು ಬರೆದ ಕಾರ್ಡುಗಳೆಲ್ಲ ಅವರ ಅಂಗಿಗಳ ಪಕ್ಕದಲ್ಲಿವೆ.

ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಅವರು ತೂಕದ ಗುಮಾಸ್ತರಾಗಿದ್ದರು. ಅವರಿಗೆ ಬರಬೇಕಾದ ಹಣ ಮಾರ್ಚಿಗೆ ಕೈಸೇರುತ್ತದಂತೆ. ಇತ್ತ ಮಗಳು ಸುಗುಣಳಿಗೆ ನರ್ಸ್ ಟ್ರೇನಿಂಗಿನಲ್ಲಿ ಸೀಟು ಸಿಕ್ಕಿದೆ. ಜನವರಿ ಮೊದಲ ವಾರದೊಳಗೆ ಇನ್ನೂರು ರೂಪಾಯಿ ಡಿಪಾಜಿಟ್ ಕಟ್ಟಬೇಕು. ಇಲ್ಲದಿದ್ದರೆ ಸೀಟು ಇನ್ನೊಬ್ಬಳಿಗೆ. ಮಾರ್ಚ್ ಬರುವವರೆಗೆ ಸೀಟು ಕಾಯುತ್ತದೆಯೇ?

ಹಾಗಂತ ಪಟ್ಟಿಯಲ್ಲಿ ನನ್ನ ಹೆಸರೇ? ಛೆ!

ಮರುದಿನ ಕುರುಗೋಡಿಗೆ ಹೊರಟೆ, ಮೊದಲ ಸಲ ಒಬ್ಬಳೇ. ಕಂಡಕ್ಟರ್ "ಎಷ್ಟು?" ಎಂದಾಗ ಬಾಯಿಗೆ "ಎರಡು" ಎಂದೇ ಬಂತು. ಅವನು ಎರಡು ಟಿಕೆಟ್ ಹರಿದೂ ಕೊಟ್ಟ. ವಾಪಸ್ ಕೊಡಲು ನಾಚಿಕೆಯಾಗಿ ಇಟ್ಟುಕೊಂಡೆ. ದುಡ್ಡಿನ ತಾಪತ್ರಯದಲ್ಲಿ ಈ ಜಂಬ ಬೇರೆ!

ಕುರುಗೋಡಿನ ರಾಹೇಲಮ್ಮ ಶೇಂಗಾ ಬಿಡಿಸುವ ಕೂಲಿಯವರು. ವಯಸ್ಸು ಎಪ್ಪತ್ತರ ಹತ್ತಿರ. ಪ್ರತಿ ವರ್ಷವೂ ಪಟ್ಟಿಯಲ್ಲಿ ಇರುವವರು. ನನ್ನನ್ನು ನೋಡಿದ್ದೇ ಕೇಳಿದರು.

"ಬರ್ರಿ ಅಕ್ಕೋರ. ಹೆಸರು ಹೊಡದ್ರೇನು?"

"ಯಾವ ಹೆಸರ್ರಿ?"

"ನಿಮ್ಮದರಿ. ಹೊಡೀತೀರಿ ಅಂತ ಗೊತ್ತಿತ್ತು. ಅದಕ್ಕ ಅಯ್ಯನೋರ ಕೈಲಿ ಎರಡು ಹಾಳಿ ಬರಸೀನಿ. ಇನ್ನೊಂದು ಅವರತ್ರ ಐತಿ."

ಈ ಮುದುಕಿ ಬಸ್ಸಿನ ದುಡ್ಡು ಖರ್ಚು ಮಾಡಿ ಬಳ್ಳಾರಿಗೆ ಬಂದು ಪಾದ್ರಿಗಳಿಗೆ ನನ್ನ ಹೆಸರು ಹೇಳಿ ಹೋಗಿದ್ದಾರೆ.

"ನನಗೇನು ಕಡಿಮಿ ಆಗೈತಿ ರಾಹೇಲಮ್ಮ?"

"ಅದನ್ನ ನಿಮ್ಮ ಮನಿಗೇ ಬಂದು ಕೇಳ್ತೀನಿ. ನಿಮ್ಮ ವಿಚಾರಣಿ ನೀವ ಮಾಡ್ಕಳಾಕ ಬರಂಗಿಲ್ಲ, ನೀ ಮಾಡು ಅಂದಾರ ಅಯ್ಯನೋರು. ಶನಿವಾರ ಬರ್ತೀನಿ. ನಾಲ್ಕೂ ಪ್ರಶ್ನಿ ನನಗ ಬಾಯಿಪಾಠ ಅದಾವು."

ಬೇಡ ಎನ್ನುವಷ್ಟರಲ್ಲಿ ಆಕೆ ಶೇಂಗಾ ಮೊರ ಎಳೆದುಕೊಂಡು ಕೂತಾಗಿತ್ತು.

ಅದರ ಮಾರನೇ ದಿನ ಸಿರುಗುಪ್ಪ. ಅಲ್ಲಿ ಪಟ್ಟಿಯಲ್ಲಿದ್ದ ಸಂತೋಷಮ್ಮನ ಮನೆ. ಅಕ್ಕಿ ಗಿರಣಿಯಲ್ಲಿ ಕೆಲಸ, ಎರಡು ಮಕ್ಕಳು. ನಾಲ್ಕು ವರ್ಷದ ಹಿಂದೆ ಈಕೆಯ ಹೆಸರನ್ನು ನಾನೇ ತೆಗೆದುಹಾಕಿದ್ದೆ. ಕಾರಣ? ಅಡುಗೆಮನೆಯಲ್ಲಿ ಕಾಫಿಪುಡಿ ಸಿಕ್ಕಿತ್ತು. ಕಾಫಿ ಕುಡಿಯುವವರಿಗೆ ಎಂಥ ಸಹಾಯ?

ಈ ಸಲ ಆಕೆ ನೀರಿನ ಲೋಟ ಮುಂದಿಟ್ಟು ನಕ್ಕಳು.

"ಕಾಫಿ ಮಾಡಾಕ ಹೆದರಿಕಿ ನೋಡ್ರಿ ಅಕ್ಕಾರ!"

"ಯಾಕವ್ವಾ?"

"ಆ ವರ್ಷ ಪುಡಿ ತಂದಿದ್ದು ನಿಮಗ ಅಂತರಿ. ಬಳ್ಳಾರಿಯಿಂದ ಬರೋ ಅಕ್ಕಾರಿಗೆ ಬರೇ ನೀರು ಕೊಡ್ಲೇನು? ಎದುರುಮನಿ ಬೀಬಿ ಹತ್ರ ಕಡ ತಂದಿದ್ದೆ. ನೀವು ಡಬ್ಬಿ ತಗದು ಮೂಸಿದ್ರಿ, ಹೊಂಟೇಬಿಟ್ರಿ. ಕುಡೀಲೂ ಇಲ್ಲ!"

"ಅಯ್ಯೋ, ಆಗ ಹೇಳಬಾರದಾ?"

"ನೀವು ನಿಂತಿದ್ರ ಹೇಳ್ತಿದ್ದೆ. ನಿಮ್ಮೋರು ಮಾತ್ರ ಹಿಂದ ಉಳಿದ್ರು. ಹತ್ತು ರೂಪಾಯಿ ಕೈಯಾಗಿಟ್ಟು, 'ಆಕಿಗೆ ಹೇಳಬ್ಯಾಡವ್ವಾ, ನಾಕು ದಿನ ಊಟ ಹಾಕಂಗಿಲ್ಲ' ಅಂದ್ರು."

ಆ ಹತ್ತು ರೂಪಾಯಿ ನನಗೆ ಚೆನ್ನಾಗಿ ನೆನಪಿದೆ. ಬಸ್ ಸ್ಟ್ಯಾಂಡಿನಲ್ಲಿ ಜೇಬಿನಿಂದ ಬಿದ್ದುಹೋಯಿತು ಎಂದಿದ್ದರು. ನಾನು ವಾರವಿಡೀ ಬೈದು, ಆ ಅಂಗಿಗೆ ಹೊಸ ಜೇಬು ಹೊಲಿದುಕೊಟ್ಟಿದ್ದೆ. ಹರಿಯದೇ ಇದ್ದ ಜೇಬಿಗೆ! ಅವರೂ ಗಂಭೀರವಾಗಿ ಕೂತು ಹೊಲಿಸಿಕೊಂಡಿದ್ದರು.

ನಕ್ಕೆ. ಸಂತೋಷಮ್ಮನೂ ನಕ್ಕಳು. ನಗುನಗುತ್ತಲೇ ಆಕೆ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಮೂರು ತಿಂಗಳಲ್ಲಿ ಮನೆಯ ಹೊರಗೆ ಅತ್ತದ್ದು ಅದೇ ಮೊದಲು.

ಶನಿವಾರ ಬಂತು. ಬೆಳಿಗ್ಗೆಯೇ ಪಕ್ಕದ ಮನೆಯಿಂದ ಕಾಫಿಪುಡಿ ಕಡ ತಂದಿಟ್ಟೆ. (ನಗಬೇಡಿ. ಕುರುಗೋಡಿನಿಂದ ಬರುವ ಹಿರಿಯರಿಗೆ ಬರೀ ನೀರು ಕೊಡಲೇ?) ರಾಹೇಲಮ್ಮ ಇಸ್ತ್ರಿ ಸೀರೆ ಉಟ್ಟು ಬಂದು, ನಮ್ಮವರ ಕುರ್ಚಿ ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತರು.

"ಮನ್ಯಾಗ ಎಷ್ಟು ಮಂದಿ?"

"ಇಬ್ಬರು."

ಇದೊಂದು ಸುಲಭದ ಪ್ರಶ್ನೆ ಎಂದುಕೊಂಡೇ ಹನ್ನೊಂದು ವರ್ಷ ಕೇಳುತ್ತಾ ಬಂದಿದ್ದೆ.

"ದುಡಿಯೋರು?"

"ನಾನು. ಸ್ವಲ್ಪ ಹೊಲಿಗಿ. ಮತ್ತ ಪೇಪರಿಗೆ ವಾರಕ್ಕೊಮ್ಮೆ ಬರೀತೀನಿ."

"ಬರದ್ರ ಎಷ್ಟು ಕೊಡ್ತಾರ?"

"ಐದು ರೂಪಾಯಿ."

"ವಾರಕ್ಕ ಐದೇ? ಬರ್ರಿ, ಶೇಂಗಾ ಬಿಡಸಾಕ ಬರ್ರಿ. ಇದಕ್ಕಿಂತ ಚಲೋ ಐತಿ!"

(ಸಂಪಾದಕರು ಈ ಸಾಲನ್ನು ತೆಗೆಯಬಾರದೆಂದು ವಿನಂತಿ.)

"ಏನು ಕೊರತಿ?"

ಸೆರಗಿನ ಅಂಚನ್ನು ಮಡಚಿದೆ, ಬಿಡಿಸಿದೆ. ಆಕೆ ಅವಸರ ಮಾಡಲಿಲ್ಲ. ನಾನಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಸಲ ಪೆನ್ಸಿಲ್ ಕುಟ್ಟಿರುತ್ತಿದ್ದೆ. ಕೊನೆಗೆ ಹೇಳಿದೆ.

"ಇನ್ನೂರು ರೂಪಾಯಿ. ಸುಗುಣನ ಟ್ರೇನಿಂಗಿಗೆ. ಹೊಂದಸಾಕ ಆಗವಲ್ದು."

ಹೇಳಿದೆ ಅಷ್ಟೇ. ಗೋಡೆ ಬೀಳಲಿಲ್ಲ, ಸೂರು ಹಾರಲಿಲ್ಲ. ಒಳಗಿನಿಂದ ಸುಗುಣ ಇಣುಕಿ ನೋಡಿ ಮತ್ತೆ ತಲೆ ಒಳಗೆ ಎಳೆದುಕೊಂಡಳು.

"ನಾಕನೇದು ನಾ ಕೇಳಂಗಿಲ್ಲ," ಎಂದರು ರಾಹೇಲಮ್ಮ. "ಸಂಬಂಧಿಕರು ಕೊಡೋ ಹಂಗಿದ್ರ ನಾವ್ಯಾಕ ಪಟ್ಟಿಗೆ ಬರ್ತಿದ್ವಿ? ಅದು ಬರೇ ಹೊಟ್ಟಿ ಉರಸೋ ಪ್ರಶ್ನಿ."

ಆದರೆ ಅಡುಗೆಮನೆಗೆ ಹೋಗುವುದನ್ನು ಬಿಡಲಿಲ್ಲ. ಗಡಿಗೆ ನೋಡಿದರು, ಡಬ್ಬಿ ಅಲ್ಲಾಡಿಸಿದರು, ಒಂದನ್ನು ತೆರೆದು ಮೂಸಿದರು.

"ಕಾಫಿಪುಡಿ! ಯಾರದಿದು?"

"ಪಕ್ಕದ ಮನೀದು. ನಿಮಗ ಅಂತ ತಂದೀನಿ."

"ಹಂಗಾರ ಮಾಡ್ರಿ ಮತ್ತ. ಸಕ್ಕರಿ ಮುಂದಾಗಿರ್ಲಿ."

ಎರಡು ಲೋಟ ಕುಡಿದು, ನೇರ ಪಾದ್ರಿಗಳ ಮನೆಗೆ ಹೋಗಿ ವರದಿ ಒಪ್ಪಿಸಿದರು. ಆ ವರದಿಯನ್ನು ಪಾದ್ರಿಗಳು ಆಕೆಯ ಮಾತಿನಲ್ಲೇ ಬರೆದುಕೊಂಡು ಭಾನುವಾರ ನನಗೆ ಓದಿ ಹೇಳಿದರು: "ಕೊಡಬೌದು. ಹೆಣ್ಣುಮಗಳಿಗೆ ಸ್ವಲ್ಪ ಜಂಬ ಐತಿ. ಆದರೂ ಕೊಡಬೌದು."

ಎಲ್ಲರಂತೆ ನಲವತ್ತು ರೂಪಾಯಿ ಸಹಾಯ. ಉಳಿದ ನೂರ ಅರವತ್ತು ಹಿಡಿ ಅಕ್ಕಿಯ ಉಳಿತಾಯದಿಂದ ಕೈಗಡ, ಮಾರ್ಚಿನಲ್ಲಿ ವಾಪಸ್. ಸೋಮವಾರ ಡಿಪಾಜಿಟ್ ಕಟ್ಟಿ ಬಂದೆವು. ಸುಗುಣ ರಸೀದಿಯನ್ನು ಮೂರು ಸಲ ಓದಿ, ನಾಲ್ಕನೇ ಸಲ ಅಪ್ಪನ ಫೋಟೋಗೆ ಓದಿ ಹೇಳಿದಳು. ಈ ವರ್ಷ ಕರ್ಜಿಕಾಯಿ ಬೇಡ ಎಂದುಕೊಂಡಿದ್ದೆ. ಈಗ ಮಾಡುತ್ತಿದ್ದೇನೆ, ಸ್ವಲ್ಪವೇ.

ನಾಲ್ಕನೇ ಪ್ರಶ್ನೆಯನ್ನು ತೆಗೆದುಹಾಕಿದ್ದೇನೆ. ಅಡುಗೆಮನೆಗೆ ನುಗ್ಗುವುದನ್ನೂ ನಿಲ್ಲಿಸಿದ್ದೇನೆ. (ರಾಹೇಲಮ್ಮ ನಿಲ್ಲಿಸುತ್ತಾರೆಂದು ಭರವಸೆ ಕೊಡಲಾರೆ. ಮುಂದಿನ ವರ್ಷದಿಂದ ಅವರೂ ವಿಚಾರಣೆಗೆ ಬರುತ್ತಾರೆ.) ಹೆಸರನ್ನು ಬೇರೆಯವರೇ ಹೇಳಬೇಕು ಎಂಬ ನಿಯಮವನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಅಷ್ಟು ವರ್ಷ ಅದು ಮೋಸ ತಡೆಯುವುದಕ್ಕೆ ಎಂದುಕೊಂಡಿದ್ದೆ. ಸತ್ತರೂ ಬಾಯಿಬಿಡದ ನನ್ನಂಥವರಿಗೂ ಅದು ಬೇಕು ಎಂದು ಈಗ ತಿಳಿಯಿತು.

ಕ್ರಿಸ್‌ಮಸ್ಸಿಗೆ ಇನ್ನು ನಾಲ್ಕೇ ದಿನ. ನಿಮ್ಮ ಓಣಿಯಲ್ಲಿ ಬಾಯಿಬಿಡದೆ ಕೂತವರು ಯಾರು, ಅವರ ಹೆಸರನ್ನು ಎಲ್ಲಿಗಾದರೂ ಹೋಗಿ ಹೇಳಿ ಬಂದಿರಾ?